ಮಂಜು ಇಲ್ರೀ, ಲೈಟ್ ಐತಿ

ಅಕ್ಕೋರ ಎಡ ಅಂಗೈಯ ನಡುವೆ ಒಂದು ಬಿಳಿ ಗೆರೆಯಿತ್ತು, ಹಳೆಯ ಗಾಯದ್ದು. ಬರೆಯುವ ಪಾಟಿಯ ತಗಡಿನ ಅಂಚು ಕುಯ್ದದ್ದು ಎಂದು ನನ್ನ ನೆನಪು. ಕುಡುಗೋಲು ತಾಗಿದ್ದು ಎಂದು ನನ್ನ ಜೊತೆ ಕಲಿತವರು ಹೇಳುತ್ತಾರೆ. ಗೆರೆ ಇದ್ದದ್ದಂತೂ ಖರೆ. ಒಂದನೇ ಇಯತ್ತೆಯಲ್ಲಿ ನಾವೆಲ್ಲ ಅದನ್ನು ಮೂಗಿನ ತುದಿಯಲ್ಲಿ ನೋಡಿದವರು, ಏಕೆಂದರೆ ‘ಕ’ಕ್ಕೂ ‘ಖ’ಕ್ಕೂ ಇರುವ ಅಂತರವನ್ನು ಅವರು ಆ ಅಂಗೈಯಿಂದಲೇ ಕಲಿಸುತ್ತಿದ್ದರು. ಅದನ್ನು ನಮ್ಮ ಬಾಯಿಯ ಮುಂದೆ ಹಿಡಿದು, “ಉಸಿರು ಬಡೀವಲ್ದು. ಇನ್ನೊಮ್ಮೆ ಅನ್ನು,” ಎನ್ನುತ್ತಿದ್ದರು. ಬಡಿಯಿತೋ, “ಹಾಂ, ಈಗ ಬಂತು ನೋಡು ಖ,” ಎಂದು ಅದೇ ಕೈಯಿಂದ ಕೆನ್ನೆ ತಟ್ಟುತ್ತಿದ್ದರು. ಆಮೇಲೆ ನಮ್ಮ ಅಂಗೈಯನ್ನು ತಮ್ಮ ಬಾಯಿಯ ಮುಂದೆ ಹಿಡಿಸಿಕೊಂಡು ತಾವೂ ಒಮ್ಮೆ ಅನ್ನುತ್ತಿದ್ದರು. ಚಹಾ ಮತ್ತು ಏಲಕ್ಕಿ ವಾಸನೆಯ ಬಿಸಿ ಉಸಿರು. ಅಕ್ಷರವೆಂದರೆ ನನಗೆ ಇವತ್ತಿಗೂ ಅದೇ, ಅಂಗೈಗೆ ಬಡಿಯುವ ಒಂದು ಬಿಸಿ.

ಜಮಖಂಡಿಯಲ್ಲಿ ಅರ್ಧ ಊರು ಅವರನ್ನು ಅಕ್ಕೋರೇ ಎಂದು ಕರೆಯುತ್ತಿತ್ತು. ಬರಿದೇ ಅಕ್ಕ ಎನ್ನುವ ಹಕ್ಕಿದ್ದವಳು ಒಬ್ಬಳೇ, ಬನಹಟ್ಟಿಗೆ ಕೊಟ್ಟಿದ್ದ ತಂಗಿ. ಅಕ್ಕೋರು ನಿವೃತ್ತರಾದ ಮೇಲೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಬಾಯಿ ‘ಅ’ ಎಂಬಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಅಕ್ಕೋರು ಮತ್ತೆ ಮಾಸ್ತರಿಕೆ ಶುರು ಮಾಡಿದರು. ವಿದ್ಯಾರ್ಥಿನಿ ಒಬ್ಬಳೇ, ಕಲಿಯಬೇಕಾದ ಶಬ್ದವೂ ಒಂದೇ.

ಸಂಜೆಯ ಬದಲು ಹಗಲು ಹೋಗಿ ಕಲಿಸಬಹುದಿತ್ತಲ್ಲ ಎಂದು ನಾನೂ ಕೇಳಿದ್ದೆ.

“ಆ ಓಣ್ಯಾಗ ಹಗಲು ಒಂದು ತಾಸು ಕುಂತು ಬಾ, ತಮ್ಮಾ. ನಿನ್ನ ಹೆಸರು ನಿನಗ ಕೇಳಿದ್ರ ನನಗ ಹೇಳು.”

ಬನಹಟ್ಟಿಯ ಆ ಓಣಿಯಲ್ಲಿ ಮನೆಗೆ ಒಂದೆರಡು ಪವರ್‌ಲೂಮ್. ತಂಗಿಯ ಗಂಡ ತನ್ನ ಮಗ್ಗ ನಿಲ್ಲಿಸಿದರೂ ಆಚೀಚೆಯ ಗೋಡೆಗಳಿಂದ ಖಟಪಟ ಬರುತ್ತಲೇ ಇರುತ್ತದೆ. ಹೊತ್ತು ಮುಳುಗುವಾಗ ಒಂದೊಂದೇ ಮಗ್ಗ ನಿಲ್ಲುತ್ತದೆ. ಆಗ ಸಿಗುವ ಮೌನದಲ್ಲೇ ಪಾಠ. ಮಗ್ಗಗಳು ಮನೆಯ ಅರ್ಧ ನುಂಗಿದ್ದರಿಂದ ಅಲ್ಲೇ ಮಲಗಲು ಜಾಗವಿಲ್ಲ. ಬಸ್ಸಿನ ಮರ್ಜಿ ಬಸ್ಸಿಗೆ. ಹೀಗಾಗಿ ಅಕ್ಕೋರು ತಮ್ಮ ಸ್ಕೂಟಿಯ ಮೇಲೆ ಬೆಳಕಿದ್ದಾಗ ಹೋಗಿ ಕತ್ತಲಾದ ಮೇಲೆ ಬರಲೇಬೇಕು. ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಎದುರಿನ ಬೆಳಕು ಕಣ್ಣಿಗೆ ಬಿದ್ದರೆ ಒಡೆದ ಕನ್ನಡಿಯ ಹಾಗೆ ಚೂರಾಗುತ್ತದೆ, ಆಮೇಲೆ ರಸ್ತೆ ಎಲ್ಲಿದೆಯೆಂದೇ ತಿಳಿಯುವುದಿಲ್ಲ ಎನ್ನುತ್ತಿದ್ದರು.

ಒಂದು ಸಂಜೆ ನಾನೂ ಹಿಂದೆ ಕೂತು ಹೋಗಿದ್ದೆ. ಪಾಠ ನೋಡಿದೆ. ತಂಗಿಯ ನೆಟ್ಟಗಿದ್ದ ಎಡಗೈಯನ್ನು ಅಕ್ಕೋರು ತಮ್ಮ ಬಾಯಿಯ ಮುಂದೆ ಹಿಡಿದುಕೊಂಡು, “ಅಕ್ಕ,” ಎಂದರು. ತಂಗಿ, “ಅ,” ಎಂದಳು. ಮುಖವೆಲ್ಲ ಬೆವರಿತು.

“ಅಖ್ಖ ಅಂದ್ರೂ ನಡೀತೈತಿ ಬೇ. ಉಸಿರು ಬರ್ಲಿ.”

“ಅ…”

“ಆತು. ಅರ್ಧಾ ಬಂತು. ಉಳದ ಅರ್ಧಾ ನಾಳಿ.”

ತಂಗಿ ನಕ್ಕಳು. ನಗು ಬಾಯಿಯ ಒಂದೇ ಬದಿಗೆ ಬಂತು. ಅದಕ್ಕೂ ಅಕ್ಕೋರು, “ಅದೂ ಅರ್ಧಾನ ಐತಿ, ಇರ್ಲಿ,” ಎಂದರು.

ಮರಳುವಾಗ ಆಕಾಶ ತೊಳೆದ ಪಾಟಿಯ ಹಾಗಿತ್ತು, ಚುಕ್ಕಿಗಳು ಎಣಿಸುವಷ್ಟು ಸ್ಪಷ್ಟ. ನಮ್ಮ ಸೀಮೆಯಲ್ಲಿ ಮಂಜೆಂದರೆ ಚಳಿಗಾಲದ ಕೆಲವು ಮುಂಜಾವು, ಅದೂ ಹೊಳೆಯ ದಂಡೆಗೆ. ಆದರೆ ಎದುರು ಬಂದ ಗಾಡಿಗಳಲ್ಲಿ ಮುಕ್ಕಾಲು ಪಾಲಿಗೆ ಬಂಪರಿನ ಕೆಳಗೆ ಫಾಗ್ ಲೈಟು ಉರಿಯುತ್ತಿತ್ತು, ಹೆಡ್‌ಲೈಟಿನ ಜೊತೆಗೆ. ಪ್ರತಿ ಸಲ ಅಕ್ಕೋರು ಎಡಗೈ ಎತ್ತಿ ಅಂಗೈಯನ್ನು ಕೆಳಗೆ ಒತ್ತುವ ಹಾಗೆ ಆಡಿಸುತ್ತಿದ್ದರು. ವರ್ಗದಲ್ಲಿ ಗದ್ದಲವಾದಾಗ ಕೂಡಿಸುತ್ತಿದ್ದ ಅದೇ ಸನ್ನೆ. ಯಾರೂ ಕೂಡಲಿಲ್ಲ. ಅವರು ರಸ್ತೆಯ ಅಂಚಿಗೆ ಸರಿದು, ಒಂದು ಕಾಲು ನೆಲಕ್ಕೆ ಊರಿ, ಕಣ್ಣು ಮುಚ್ಚಿಕೊಂಡು ಗಾಡಿ ದಾಟುವವರೆಗೆ ಕಾಯುತ್ತಿದ್ದರು.

ಒಂದು ಜೀಪು ನಮ್ಮನ್ನು ಕಂಡದ್ದೇ, ಅಲ್ಲಿಯವರೆಗೆ ಆರಿದ್ದ ಫಾಗ್ ಲೈಟನ್ನು ಹೊತ್ತಿಸಿ, ಹಾರ್ನ್ ಬಾರಿಸಿ, ಎದುರಿಗೇ ನಿಂತಿತು. ಇಳಿದವನು ಅಕ್ಕೋರ ಹಳೆಯ ವಿದ್ಯಾರ್ಥಿ, ಈಗ ಮುಧೋಳದ ಕಡೆ ಕಬ್ಬು ಕಡಿಯುವ ಗ್ಯಾಂಗುಗಳನ್ನು ನೋಡಿಕೊಳ್ಳುವವನು. ಉರಿಯುವ ದೀಪಗಳ ಮುಂದೆಯೇ ಬಗ್ಗಿ ಕಾಲು ಮುಟ್ಟಿದ. ಅಕ್ಕೋರಿಗೆ ಅವನ ತಲೆ ಕಾಣಲಿಲ್ಲ, ಗಾಳಿಯಲ್ಲಿ ತಡಕಿ ಹುಡುಕಿದರು.

“ಯಾರಪಾ?”

“ನಾನ್ರೀ ಅಕ್ಕೋರ, ಹಿಂದಿನ ಸಾಲಿನಾಂವ. ನಿಮ್ಮ ಸ್ಕೂಟಿ ದೂರದಿಂದನ ಗುರ್ತ ಹಿಡದ್ನಿ. ನಮಸ್ಕಾರ ಅಂತ ಎಲ್ಲಾ ಲೈಟ್ ಹಾಕಿದ್ನಿರೀ.”

“ನಮಸ್ಕಾರ ಕೈಲೆ ಮಾಡೂದೋ ಖೋಡಿ, ಬಂಪರ್‌ಲೆ ಅಲ್ಲ. ಮಂಜು ಎಲ್ಲೈತಿ ಅಂತ ಹಚ್ಚೀದಿ ಅದನ್ನ?”

ಅವನು ನಿಜವಾಗಿಯೂ ಸುತ್ತ ನೋಡಿದ. “ಮಂಜು ಇಲ್ರೀ ಅಕ್ಕೋರ. ಲೈಟ್ ಐತಿ.”

ಅಕ್ಕೋರು ನಕ್ಕುಬಿಟ್ಟರು. ನಾನೂ ನಕ್ಕೆ. ಆ ಉತ್ತರದ ಎದುರು ಬೇರೇನು ಮಾಡಬಹುದಿತ್ತೋ ನನಗೆ ಇನ್ನೂ ಹೊಳೆದಿಲ್ಲ. ಅವನು ಕಿವಿ ಹಿಡಿದುಕೊಂಡು, ಲೈಟು ಆರಿಸಿ ಹೋದ. ಮುಂದಿನ ವಾರವೇ ಮತ್ತೆ ಹಚ್ಚಿದ್ದನಂತೆ. “ಅಕ್ಕೋರು ರಸ್ತೆದಾಗ ಕೈ ಎತ್ತಿ ಆಶೀರ್ವಾದ ಮಾಡ್ತಾರಲೇ,” ಎಂದು ಗೆಳೆಯರಿಗೂ ಹೇಳಿದ್ದ. ಅಕ್ಕೋರ ಸ್ಕೂಟಿ ಕಂಡರೆ ಆ ಗೆಳೆಯರೂ ಹಚ್ಚತೊಡಗಿದರು. ಅವರಲ್ಲಿ ಒಬ್ಬನೂ ಕೆಟ್ಟವನಲ್ಲ. ಒಬ್ಬನಾದರೂ ಕೆಟ್ಟವನಾಗಿದ್ದರೆ ಬೈಯಬಹುದಿತ್ತು.

ಕಬ್ಬಿನ ಹಂಗಾಮಿನಲ್ಲಿ ಅಕ್ಕೋರು ಬಿದ್ದರು. ಮುಂದೆ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಎದುರು ಬೆಳಕು. ಎಡಗೈಯನ್ನು ಕಣ್ಣಿಗೆ ಅಡ್ಡ ಹಿಡಿದರು, ಸ್ಕೂಟಿ ಎರೆಹೊಲಕ್ಕೆ ಇಳಿಯಿತು. ಮಣಿಕಟ್ಟು ಮುರಿಯಿತು. ಯಾರ ಗಾಡಿ ಎಂದು ಕೇಳಿದ್ದಕ್ಕೆ, “ಬೆಳಕಿಗೆ ಮಾರಿ ಇರೂದಿಲ್ಲೋ,” ಎಂದರು. ಇದನ್ನು ಅವರು ದವಾಖಾನೆಯಲ್ಲಿ ಹೇಳಿದರೋ, ಮನೆಗೆ ಬಂದ ಮೇಲೆ ಹೇಳಿದರೋ ನೆನಪಿಲ್ಲ. ಇಷ್ಟು ಚೆನ್ನಾದ ಮಾತು ಹೇಳಲೇ ಇಲ್ಲವೇನೋ, ನಾನೇ ಆಮೇಲೆ ಕೂಡಿಸಿಕೊಂಡೆನೇನೋ ಎಂಬ ಗುಮಾನಿಯೂ ಇದೆ.

ಆಮೇಲೆ ಸ್ಕೂಟಿಯ ಮೇಲೆ ಗೋಣಿತಟ್ಟು ಬಿತ್ತು. ಫೋನಿನಲ್ಲಿ ಪಾಠ ಮಾಡಲು ನೋಡಿದರು. “ಇದರಾಗ ದನಿ ಬರ್ತೈತಿ, ಉಸಿರು ಬರೂದಿಲ್ಲ,” ಎಂದು ಬಿಟ್ಟರು. ನನ್ನ ನೌಕರಿ ಪರವೂರಿನಲ್ಲಿ. ರವಿವಾರ ಬಂದಾಗ ಕಾರಿನಲ್ಲಿ ಬನಹಟ್ಟಿಗೆ ಕರೆದೊಯ್ಯುತ್ತಿದ್ದೆ. ವಾರಕ್ಕೊಮ್ಮೆ ಕಲಿಸಿದ ಅರ್ಧ ಅಕ್ಷರ ಮುಂದಿನ ವಾರದವರೆಗೆ ನಿಲ್ಲುತ್ತಿರಲಿಲ್ಲ. ತಂಗಿಯ ‘ಅ’ ಕೂಡ ಸಣ್ಣದಾಗುತ್ತ ಬಂತು. ಅಕ್ಕೋರು ಮಾತ್ರ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, “ಉಳದ ಅರ್ಧಾ…” ಎಂದು ಶುರು ಮಾಡಿ, ನಾಳೆ ಎನ್ನಲಾಗದೆ ನನ್ನ ಮುಖ ನೋಡುತ್ತಿದ್ದರು.

ಅವರು ಸತ್ತದ್ದು ಹಗಲಿನಲ್ಲಿ, ಮನೆಯಲ್ಲಿ, ಚಹಾ ಸೋಸುತ್ತಿದ್ದಾಗ. ಎದೆ ನಿಂತಿತು. ರಸ್ತೆಯ ದೀಪಗಳಿಗೂ ಆ ಸಾವಿಗೂ ಸಂಬಂಧವಿಲ್ಲ. ಇದ್ದಿದ್ದರೆ ಬರೆಯುವುದು ಸುಲಭವಿತ್ತು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಒಯ್ಯುತ್ತಾರೆ. ಬೀಗರು ಬರುವುದು ತಡವಾಗಿ, ಮೆರವಣಿಗೆ ಹೊರಟಾಗ ಹೊತ್ತು ಮುಳುಗಿತ್ತು. ಟ್ರೇಲರಿನ ಮುಂದಿನ ಹಲಗೆಗೆ ಒರಗಿಸಿ, ಹಿಂದೆ ನಡೆಯುವವರಿಗೆ ಮುಖ ಕಾಣುವಂತೆ ಅಕ್ಕೋರನ್ನು ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವು. ಮಗ್ಗುಲಲ್ಲಿ ತಂಗಿ. ಹಿಂದೆ ಜನ, ಜನರ ಹಿಂದೆ ಅದೇ ಜೀಪು. ಹೆಡ್‌ಲೈಟು, ಫಾಗ್ ಲೈಟು ಎಲ್ಲ ಉರಿಯುತ್ತ, ನೇರ ಅಕ್ಕೋರ ಮುಖಕ್ಕೆ.

ನಾನು ಹೋಗಿ ಗಾಜು ತಟ್ಟಿದೆ. “ಫಾಗ್ ಲೈಟಾದ್ರೂ ಬಂದ್ ಮಾಡೋ ಮಾರಾಯಾ. ಅವರಿಗೆ ಆಗ್ತಿರಲಿಲ್ಲ ಅದು.”

ಅವನ ಕಣ್ಣು ತುಂಬಿತ್ತು. “ಈಗೇನ್ರೀ ಸರ. ಅಕ್ಕೋರ ಮಾರಿ ಎಲ್ಲಾರ್ಗೂ ಕಾಣ್ಲಿ ಬಿಡ್ರೀ.”

ಮುಖ ಕಾಣುತ್ತಿತ್ತು, ಅದು ಸುಳ್ಳಲ್ಲ. ತಿರುಗಿ ನೋಡಿದಾಗ ತಂಗಿ ತನ್ನ ಎಡಗೈ ಎತ್ತಿ ಅಕ್ಕನ ಮುಖದ ಮುಂದೆ ಹಿಡಿದಿದ್ದಳು. ಬೆಳಕಿಗೆ ಅಡ್ಡ ಹಿಡಿದಳು ಎಂದುಕೊಂಡೆ, ಮನೆಗೆ ಬಂದು ಹಾಗೆಂದೇ ಹೇಳಿದೆ. ಈಗ ನೆನೆದರೆ ಆ ಅಂಗೈ ಕಣ್ಣಿನ ಮುಂದಿರಲಿಲ್ಲ, ಬಾಯಿಯ ಮುಂದಿತ್ತು ಎನಿಸುತ್ತದೆ. ಅವಳ ತುಟಿ ಅಲುಗಿತು. ಪೂರ್ತಿ “ಅಕ್ಕ” ಎಂದಳು ಎಂದು ಅವಳ ಗಂಡ ಆಣೆ ಮಾಡಿ ಹೇಳುತ್ತಾನೆ. ಹಲಗಿ ಬಾರಿಸುವವರ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಕೈ ಮಾತ್ರ ಇಳಿಯಲಿಲ್ಲ, ಏನೋ ಬಡಿಯಲಿ ಎಂದು ಕಾಯುವ ಹಾಗೆ.

ಜೀಪಿನವನೂ ಆ ಕೈ ನೋಡಿದ. ತನ್ನ ಕಡೆಗೇ ಆಶೀರ್ವಾದಕ್ಕೆ ಎತ್ತಿದ್ದೆಂದುಕೊಂಡಿರಬೇಕು. ಲೈಟುಗಳನ್ನೆಲ್ಲ ಒಮ್ಮೆ ಆರಿಸಿ, ಮತ್ತೆ ಹೊತ್ತಿಸಿದ.