ಹಾರ್ಸ್‌ಲೀಪ್ ಮತ್ತು ಹಂದಿಗನೂರು

ಪರದೇಶದಲ್ಲಿ ನಾವೀಗ ಇರುವ ಗ್ಲೆನ್ ವೇವರ್ಲಿಯಲ್ಲಿ ನನ್ನ ಮಗಳ ಶಾಲೆಯವರು ಒಂದು ದಿನ ಗೋಡೆಗೆ ದೊಡ್ಡ ಭೂಪಟ ತೂಗುಹಾಕಿ, ಮನೆಯವರೆಲ್ಲ ಬಂದು ತಮ್ಮ ತಮ್ಮ ಊರಿಗೆ ಪಿನ್ ಚುಚ್ಚಿ ಎಂದರು. ಕನ್ನಡದವರು ಏಳೆಂಟು ಮಂದಿ ಇದ್ದೆವು. ಎಲ್ಲರ ಪಿನ್ನೂ ಬೆಂಗಳೂರಿನ ಮೇಲೆ. ನನ್ನದೂ ಅಲ್ಲೇ. ನಮ್ಮೂರು ಹಂದಿಗನೂರು, ಬೆಂಗಳೂರಿನಿಂದ ಒಂದು ರಾತ್ರಿಯ ರೈಲಿನ ದೂರ. ಆದರೂ ಇಲ್ಲಿಗೆ ಬಂದಾಗಿನಿಂದ ಕೇಳಿದವರಿಗೆಲ್ಲ ಬೆಂಗಳೂರು ಎಂದೇ ಹೇಳುತ್ತಿದ್ದೆ. ಹೆಸರಿನ ಅರ್ಥ ಕೇಳಿದರೆ ಹಂದಿ ಎನ್ನಬೇಕಲ್ಲ ಎಂಬ ನಾಚಿಕೆ.

ಮಗಳ ಗೆಳತಿಯ ಅಜ್ಜಿ ಐರ್ಲೆಂಡಿನವರು. ಅವರದು ಹಾರ್ಸ್‌ಲೀಪ್ ಎಂಬ ಪುಟ್ಟ ಪ್ಯಾರಿಷ್. ಒಂದು ಚರ್ಚು, ಅದಕ್ಕೆ ಸೇರಿದ ಒಂದಷ್ಟು ಮನೆ, ಸುತ್ತ ಹೊಲ. ಹಿಂದೆ ಯಾರದೋ ಕುದುರೆ ಜಿಗಿದದ್ದಕ್ಕೆ ಆ ಹೆಸರಂತೆ. ಕೇಳಿ ಯಾರೋ ನಕ್ಕರು. ಟೀಚರ್, ಅದು ಭೂಪಟದಲ್ಲಿಲ್ಲ, ಡಬ್ಲಿನ್‌ಗೆ ಚುಚ್ಚಿಬಿಡಿ ಎಂದರು.

"ನಾನು ಡಬ್ಲಿನ್ನವಳಲ್ಲ" ಎಂದ ಅಜ್ಜಿ ಪೆನ್ನು ಇಸಿದುಕೊಂಡು, ತಮ್ಮೂರಿನ ಹೆಸರು ತಾವೇ ಬರೆದು ಅಲ್ಲಿ ಪಿನ್ ಚುಚ್ಚಿದರು.

ನನಗೆ ಮೈಯೆಲ್ಲ ಉರಿಯಿತು, ನನ್ನ ಮೇಲೆಯೇ. ಬೆಂಗಳೂರಿನಿಂದ ನನ್ನ ಪಿನ್ ಕಿತ್ತೆ. ಅದೇ ಪೆನ್ನಿನಲ್ಲಿ, ಕನ್ನಡದಲ್ಲೇ, ಹಂದಿಗನೂರು ಎಂದು ದಪ್ಪಗೆ ಬರೆದೆ.

ಪಕ್ಕದಲ್ಲಿದ್ದ ಕನ್ನಡದ ಅಪ್ಪನೊಬ್ಬ ಪಿಸುಗುಟ್ಟಿದ: "ಯಾಕ್ ಮೇಡಂ ಸುಮ್ನೆ? ಮೀನಿಂಗ್ ಏನು ಅಂತ ಕೇಳಿದ್ರೆ ಎಂಬ್ಯಾರಸ್ ಆಗಲ್ವಾ?"

"ಕೇಳ್ಲಿ ಬಿಡ್ರಿ. ಹಂದಿ ಅಂತನ ಹೇಳ್ತೀನಿ."

ಪೆನ್ನನ್ನು ಅವನತ್ತ ಚಾಚಿದೆ.

"ಈಗ ಖರೇ ಹೇಳ್ರಿ, ನಿಮ್ಮೂರು ಯಾವುದು?"