ಎಡಗಿವಿಯ ಪಾಠ

ಝರ್... ಝರ್... ಸಾಣಿಗೆಯ ಮೇಲೆ ಮಣೂಕ ಉರುಳುವ ಸದ್ದು ಅದು. ತಿಕೋಟಾದ ಹೊರಗೆ ಈ ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ನೀಲಾ ಹನ್ನೊಂದು ವರ್ಷದಿಂದ ಕೇಳುತ್ತ ಬಂದ ಸದ್ದು. ಮಳೆ ಬಂದಂತೆಯೇ ಕೇಳಿಸುತ್ತದೆ, ಆದರೆ ಯಾರೂ ತಲೆಯೆತ್ತಿ ಮುಗಿಲು ನೋಡುವುದಿಲ್ಲ. ಇಪ್ಪತ್ತು ಹೆಂಗಸರು ಎರಡು ಸಾಲಾಗಿ ಕೂತು, ಬೆನ್ನು ಬಗ್ಗಿಸಿ, ಕಡ್ಡಿ ಕಿತ್ತು, ಕಪ್ಪಾದದ್ದನ್ನು ಬೇರೆ ಮಾಡುತ್ತಾರೆ. ಸಂಜೆ ಏಳುವಾಗ ಒಬ್ಬೊಬ್ಬರದೂ ಒಂದೊಂದು ಬಗೆಯ ನರಳಾಟ. ಅದು ಆ ಶೆಡ್ಡಿನ ಎರಡನೆಯ ಸದ್ದು.

"ನೀಲವ್ವಾ, ಎಂದ ಕಲಸ್ತೀ ಬೇ ನಮಗ?" ಪಕ್ಕದ ಸೌಭಾಗ್ಯ ಆ ದಿನವೂ ಕೇಳಿದಳು. "ನೀ ಯೋಗ ಕಲ್ಯಾಕ ಹ್ವಾದಾಗ ನನ್ನ ಮಗಳು ಕಾಲೇಜಿಗಿ ಹೆಸರು ಹಚ್ಚಿದ್ಲು. ಅಕಿ ಡಿಗ್ರೀನ ಮುಗಿಸಿದ್ಲು."

"ನಾಳಿ ಗೊತ್ತಾಗತೈತಿ. ಯೋಗದ ಅಜ್ಜಾರು ಹೂಂ ಅಂದ್ರ ನಾಳಿನ ಶುರು. ಕೆಲಸಕ್ಕ ಕೂಡೂ ಮೊದಲ ಅರ್ಧ ತಾಸು, ಈ ಅಂಗಳದಾಗ. ಮಾಲಕರೂ ಒಪ್ಯಾರ."

"ಊಹೂಂ ಅಂದ್ರ?"

"ಮತ್ತೊಂದು ವರ್ಷ ಕಾಯಬೇಕು."

"ಅಷ್ಟು ದಿನ ಈ ಟೊಂಕ ತಡಿಯೂದಿಲ್ಲ ನಮ್ಮವ್ವಾ." ಸೌಭಾಗ್ಯ ಸೊಂಟಕ್ಕೆ ಕೈಕೊಟ್ಟು ಎದ್ದಳು. "ನಾವಂತೂ ಎಲ್ಲಾರೂ ಒಂಬತ್ತೂವರಿಗೆ ಬಂದು ಕೂಡಾವ್ರ. ನೀ ಪಾಠ ಹೇಳು, ಇಲ್ಲಾ ಬೈಸಿಕೊಂಡ ಕತಿ ಹೇಳು."

ನೀಲಾ ಘೋಣಸಗಿಯ ರಾಯಪ್ಪ, ತಿಪ್ಪವ್ವರ ಮಗಳು. ಮದುವೆಯಾಗಿ ತಿಕೋಟಾಕ್ಕೆ ಬಂದವಳು. ನಲವತ್ತು ದಾಟಿದ ವರ್ಷ ಅವಳ ಟೊಂಕವೂ ಹಿಡಿಯಿತು. ಗುಳಿಗೆ ನುಂಗಿದಳು, ಎಣ್ಣೆ ತಿಕ್ಕಿಸಿಕೊಂಡಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ, ಯಾರೋ ಹೇಳಿದರೆಂದು ಬಬಲೇಶ್ವರದ ಗುರಲಿಂಗಪ್ಪನವರ ಮನೆಗೆ ಹೋದಳು. ಮೊದಲ ದಿನ ಅಂಗಳದಲ್ಲೇ ನಿಂತಿದ್ದಳು. ಅಲ್ಲಿಂದ ಮುಂದೆ ಹೋಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. "ಬಿಸಿಲಾಗ ಯಾಕ ನಿಂತಿ? ಪಡಸಾಲ್ಯಾಗ ಬಾ ತಂಗಿ" ಎಂದರು ಅವರು. ಆ ಒಂದು ಮಾತಿಗೆ ಅವಳ ಅರ್ಧ ನೋವು ಇಳಿಯಿತು. ಉಳಿದರ್ಧ ಇಳಿಯಲು ಎಂಟು ತಿಂಗಳು ಬೇಕಾಯಿತು. ನೋವು ಹೋದ ಮೇಲೂ ಅವಳು ಹೋಗುವುದನ್ನು ಬಿಡಲಿಲ್ಲ. ವಾರಕ್ಕೆ ಎರಡು ದಿನ ಮೊದಲ ಬಸ್ಸಿಗೆ ಬಬಲೇಶ್ವರ, ಒಂಬತ್ತರ ಬಸ್ಸಿಗೆ ತಿರುಗಿ ಶೆಡ್ಡು. ತನಗೆ ಸಿಕ್ಕ ಸುಖ ಪಕ್ಕದವಳಿಗೂ ಸಿಗಲಿ ಎಂಬ ಆಸೆ ಯಾವಾಗ ಹುಟ್ಟಿತೋ ಅವಳಿಗೇ ಗೊತ್ತಿಲ್ಲ.

ಗುರಲಿಂಗಪ್ಪನವರಿಗೆ ಎಪ್ಪತ್ತೆರಡು. ನಾಲ್ಕೆಕರೆ ಹೊಲ, ಎರಡು ಎಮ್ಮೆ, ಮುಂಜಾನೆ ಹಠಯೋಗ. ಅದನ್ನು ಅವರು ಶಾಂತಯ್ಯಜ್ಜನಿಂದ ಕಲಿತರು, ಶಾಂತಯ್ಯಜ್ಜ ತನ್ನ ಗುರುವಿನಿಂದ. ಪಾಠದ ಮೊದಲು ಆ ಹೆಸರುಗಳನ್ನು ಹೇಳಿ ನೆಲ ಮುಟ್ಟುವುದು ಅಲ್ಲಿಯ ರೂಢಿ. ಕಲಿಸುವ ಅಪ್ಪಣೆ ಕೊಡುವ ರೂಢಿಯಂತೂ ಬೇರೆಲ್ಲೂ ಇರಲಿಕ್ಕಿಲ್ಲ. ಅಂದು ಗುರು ಕಣ್ಣು ಮುಚ್ಚಿ ಶಿಷ್ಯನಾಗಿ ಕೂಡುತ್ತಾನೆ. ಶಿಷ್ಯ ಬಾಯಿಂದ ಹೇಳುತ್ತಾನೆ. ಗುರು ಕಿವಿಗೆ ಬಿದ್ದಷ್ಟನ್ನೇ ಮಾಡುತ್ತಾನೆ, ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಪಾಠ ಸರಿಯಾದರೆ ತಾನು ಕೂತ ಕರಿ ಕಂಬಳಿಯನ್ನೇ ಎತ್ತಿ ಕೊಡುತ್ತಾನೆ.

ಎರಡು ವರ್ಷದ ಹಿಂದೆ ಹೀಗೆ ಹೇಳಲು ಕೂತ ಶಿಷ್ಯ ಚಂದ್ರಕಾಂತ "ಉಸಿರು ತಗೋರಿ" ಎಂದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಬಿಡಿಸುವ ಮಾತು ಮರೆತೇ ಹೋಯಿತು. ಗುರಲಿಂಗಪ್ಪನವರು ಉಸಿರು ಬಿಡಲಿಲ್ಲ. ಮುಖ ಕೆಂಪಾಯಿತು, ಆಮೇಲೆ ಬದನೆಕಾಯಿಯಂತಾಯಿತು. ಕೊನೆಗೆ ಅವರ ಹೆಂಡತಿ ವಿದ್ಯಾವತಿ ಓಡಿಬಂದು "ಬಿಡ್ರಿ ಉಸಿರಾ!" ಎಂದು ಬೆನ್ನಿಗೆ ಗುದ್ದಿದಳು. ಚಂದ್ರಕಾಂತ ಮರುವರ್ಷದ ಸರದಿಗೆ ಕಾಯಲಿಲ್ಲ. ವಿಜಯಪುರದ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಬೋರ್ಡು ಹಾಕಿ ತಾನೇ ಕಲಿಸತೊಡಗಿದ. ಆದರೂ ಗುರುವಿನ ಮೇಲೆ ಪ್ರೀತಿ. ಹೋಗಿ ಬಂದು ಮಾಡುತ್ತಿದ್ದ.

ನೀಲಾಳಿಗೆ ಉಸಿರಿನ ಭಯವಿರಲಿಲ್ಲ. ಅವಳನ್ನು ಕಾಡಿದ್ದು ಕಿವಿ.

ಎಲ್ಲ ಆಸನ ಮುಗಿದ ಮೇಲೆ ಅಲ್ಲಿ ಸಿದ್ಧಾಸನದಲ್ಲಿ ಕೂಡುತ್ತಾರೆ. ಬೆನ್ನು ನೇರ, ಆದರೆ ತಲೆ ಎಡಕ್ಕೆ ವಾಲಿರಬೇಕು. "ಎಡಗಿವಿ ನೆಲದ ಮಾತು ಕೇಳಬೇಕು" ಎನ್ನುವರು ಗುರಲಿಂಗಪ್ಪ. ಶಾಂತಯ್ಯಜ್ಜ ಹಾಗೆಯೇ ಕೂಡುತ್ತಿದ್ದನಂತೆ. ಚಂದ್ರಕಾಂತ ತನ್ನ ಪೇಟೆಯ ಶಿಷ್ಯರಿಗೆ ಇದರಿಂದ ಎಡಗಡೆಯ ನಾಡಿ ತೆರೆಯುತ್ತದೆ ಎಂದು ಹೇಳಿಕೊಟ್ಟಿದ್ದ. ನೀಲಾಳಿಗೆ ಹಾಗೆ ಕೂತರೆ ಬಲ ಹೆಗಲಿನ ನರ ಜಗ್ಗುತ್ತಿತ್ತು. ತಪ್ಪು ತನ್ನದೇ, ಇನ್ನೂ ಪಳಗಬೇಕು ಎಂದುಕೊಂಡಿದ್ದಳು.

ಹದಿನೈದು ದಿನದ ಹಿಂದೆ ತವರಿಗೆ ಹೋದಾಗ ಕಟ್ಟೆಯ ಮೇಲೆ ಹಾಗೆ ಕೂತಿದ್ದಳು. ಎದುರು ಮನೆಯ ಗೌರಾಬಾಯಿ, ತೊಂಬತ್ತರ ಹತ್ತಿರದ ಮುದುಕಿ, ಕೋಲೂರಿ ಬಂದು ನೋಡಿದಳು.

"ಗೋಣ ಹಿಡದೈತೇನ ಬೇ?"

"ಇಲ್ಲಬೇ ಆಯಿ. ಶಾಂತಯ್ಯಜ್ಜನ ಪದ್ಧತಿ ಇದು."

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. "ಅಂವಾ ನಮ್ಮೂರಾಗ ಇದ್ದಾಗ ನಾನ ರೊಟ್ಟಿ ಕೊಡತಿದ್ದೆ. ಆಡಿಗಿ ತಪ್ಪಲ ಕಡಿಯಾಕ ಬೇವಿನ ಗಿಡಾ ಏರಿ ದೊಪ್ಪಂತ ಬಿದ್ದಿದ್ದ. ಗೋಣ ಸೊಟ್ಟಾದದ್ದು ಸಾಯೂತನಾ ನೆಟ್ಟಗಾಗಲಿಲ್ಲ. ಅದನ್ನೂ ಕಲಿಸ್ಯಾರೇನ ನಿಮಗ?"

ಆ ಸಂಜೆ ತಿಕೋಟಾಕ್ಕೆ ಬಂದು ದೀಪ ಹಚ್ಚುವಾಗ ನೀಲಾ ಮನೆಯ ಗೋಡೆಯ ಮೇಲಿನ ಬುದ್ಧನನ್ನು ನೋಡಿದಳು. ದಿನವೂ ನೋಡುವ ಪಟವೇ. ಅವನ ಉದ್ದನೆಯ ಕಿವಿಗಳೆರಡೂ ಹೆಗಲಿಗೆ ಸಮವಾಗಿ ಇಳಿದಿದ್ದವು. ಇಷ್ಟು ವರ್ಷ ಇದು ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವಳಿಗೆ ನಗು ಬಂತು. ಎದುರಿಗೆ ಕೂತು ತಲೆ ನೆಟ್ಟಗೆ ಮಾಡಿದಳು. ಹೆಗಲ ನೋವು ಮಾಯವಾಯಿತು. ಹಿಂದೆಯೇ ಚಿಂತೆ ಬಂತು. ಇದನ್ನು ಅಜ್ಜಾರಿಗೆ ಹೇಗೆ ಹೇಳುವುದು?

ಅಪ್ಪಣೆಯ ದಿನ ಮುಂಜಾನೆ ಬಸ್ಸಿನಲ್ಲಿ ಕೂತಾಗ ಒಂದು ಉಪಾಯ ಹೊಳೆಯಿತು. ಪಡಸಾಲೆಯಲ್ಲಿ ರೂಢಿಯಂತೆ "ಎಡಗಿವಿ ಕೆಳಗ" ಎಂದುಬಿಡುವುದು; ಕಂಬಳಿ ಕೈಗೆ ಬಂದ ಮೇಲೆ ಶೆಡ್ಡಿನ ಹೆಂಗಸರಿಗೆ ನೆಟ್ಟಗೆ ಕಲಿಸುವುದು. ಯಾರಿಗೂ ನೋವಿಲ್ಲ.

ಪಡಸಾಲೆಯಲ್ಲಿ ಚಂದ್ರಕಾಂತ ಆಗಲೇ ಬಂದು ಕೂತಿದ್ದ. "ಫೋನ್ ಬಂದ್ ಮಾಡಿ ಇಡಕ್ಕಾ" ಎಂದು ಕಣ್ಣು ಮಿಟುಕಿಸಿದ. ವಿದ್ಯಾವತಿ ಬಾಗಿಲಿಗೆ ಒರಗಿ ನಿಂತಿದ್ದಳು. ಗುರಲಿಂಗಪ್ಪನವರು ಕಂಬಳಿಯ ಮೇಲೆ ಕೂತು, ಕೈಮುಗಿದು, "ಹೇಳ್ರಿ" ಎಂದು ಕಣ್ಣು ಮುಚ್ಚಿದರು. ಆ ಬಹುವಚನ ಕೇಳಿ ನೀಲಾ ಸೆರಗು ಸರಿಪಡಿಸಿಕೊಂಡಳು.

"ಕಾಲು ಚಾಚ್ರಿ ಅಜ್ಜಾರ."

ಯಾವ ಕಾಲೆಂದು ಹೇಳಿರಲಿಲ್ಲ. ಅವರು ಎರಡೂ ಕಾಲು ಚಾಚಿದ್ದಕ್ಕೆ ಎದುರಿನ ನೀರಿನ ತಂಬಿಗೆ ಉರುಳಿತು. ಚಂದ್ರಕಾಂತ ಕಿಸಕ್ಕನೆ ನಕ್ಕ. "ಬಲಗಾಲು ಮಡಚಿಕೋರಿ" ಎಂದು ಅವಳು ಸಾವರಿಸಿಕೊಂಡಳು. ಅಲ್ಲಿಂದ ಮಾತು ಹದಕ್ಕೆ ಬಂತು. ಸಾಣಿಗೆಯಿಂದ ಇಳಿಯುವ ಮಣೂಕದಂತೆ ಒಂದರ ಹಿಂದೆ ಒಂದು, ಅವಸರವಿಲ್ಲದೆ. ಅವಳು ಬಾಗೆಂದರೆ ಆ ಮುದಿ ಬೆನ್ನು ಬಾಗಿತು, ಏಳೆಂದರೆ ಎದ್ದಿತು. ಉಸಿರು ತೆಗೆದುಕೊಳ್ಳಲು ಹೇಳಿದಳು, ಬಿಡಲೂ ಹೇಳಿದಳು.

ಕೊನೆಗೆ ಸಿದ್ಧಾಸನ. "ಬೆನ್ನು ನೆಟ್ಟಗ. ಗದ್ದ ನೆಲಕ್ಕ ಸಮ."

ತಲೆ ಐವತ್ತು ವರ್ಷದ ರೂಢಿಯಿಂದ ತಾನಾಗಿಯೇ ಎಡಕ್ಕೆ ವಾಲಿತು. ಕಣ್ಣು ಮುಚ್ಚಿದ್ದಂತೆಯೇ ಅವರ ಕೈ ಬಲ ಹೆಗಲಿಗೆ ಹೋಗಿ, ಒಮ್ಮೆ ಅದುಮಿ, ಮತ್ತೆ ಮೊಣಕಾಲಿಗೆ ಬಂತು. ನೀಲಾ ಅದನ್ನು ಕಂಡಳು. ತಾನು ದಿನವೂ ಅದುಮಿಕೊಳ್ಳುವ ಜಾಗವೇ ಅದು. ಹಾಗಾದರೆ ಇವರಿಗೂ ನೋಯುತ್ತದೆ. ಐವತ್ತು ವರ್ಷ, ಯಾರಿಗೂ ಹೇಳದೆ.

ಬಸ್ಸಿನಲ್ಲಿ ಹೂಡಿದ ಉಪಾಯ ನಾಲಿಗೆಗೆ ಬರಲಿಲ್ಲ.

"ತಲಿ ನಡುವ ತರ್ರಿ ಅಜ್ಜಾರ," ಎಂದಳು. "ಎರಡೂ ಕಿವಿ ಹೆಗಲಿಂದ ಸಮ ದೂರ ಇರ್ಲಿ."

ಚಂದ್ರಕಾಂತ ಬಾಯಿ ತೆರೆದ. ವಿದ್ಯಾವತಿ ಅವನಿಗೆ ಸುಮ್ಮನಿರೆಂದು ಕೈ ಮಾಡಿದಳು. ಗುರಲಿಂಗಪ್ಪನವರ ಹುಬ್ಬು ಗಂಟಿಕ್ಕಿತು. ಆದರೆ ಈ ಹೊತ್ತು ಅವರು ಶಿಷ್ಯ. ಕಿವಿಗೆ ಬಿದ್ದದ್ದನ್ನು ಮಾಡಬೇಕು. ತಲೆ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಮೇಲೆದ್ದಿತು. ಎಲ್ಲೋ ಲಟಕ್ ಎಂದಿತು. ನೆಟ್ಟಗೆ ನಿಂತಿತು.

"ಉಸಿರು ಬಿಡ್ರಿ. ಹೆಗಲು ಇಳೀಲಿ."

ಹೆಗಲು ಇಳಿಯಿತು. ಅವರ ಬಾಯಿಂದ ಬಂದ ಉಸಿರು ಎಷ್ಟು ಉದ್ದವಿತ್ತೆಂದರೆ, ಅದು ಮುಗಿಯುವವರೆಗೂ ಪಡಸಾಲೆಯಲ್ಲಿ ಯಾರೂ ಅಲುಗಲಿಲ್ಲ.

ಕಣ್ಣು ತೆರೆದು ಅವರು ಕೇಳಿದರು: "ಇದನ್ನ ಯಾರು ಹೇಳಿದ್ರು ನಿನಗ?"

ನೀಲಾ ಬೇವಿನ ಗಿಡದ ಕತೆಯನ್ನೂ ಅವರ ಕೈ ಹೆಗಲಿಗೆ ಹೋದದ್ದನ್ನೂ ಇದ್ದದ್ದಿದ್ದಂತೆ ಹೇಳಿದಳು. ಹೇಳಿ ತಲೆ ತಗ್ಗಿಸಿದಳು. ಇನ್ನೊಂದು ವರ್ಷ, ಎಂದುಕೊಂಡಳು. ಸೌಭಾಗ್ಯಳ ಸೊಂಟ ಕಣ್ಣಮುಂದೆ ಬಂತು.

ಗುರಲಿಂಗಪ್ಪನವರು ಬಹಳ ಹೊತ್ತು ಕತ್ತು ತಿರುಗಿಸಿ ನೋಡಿಕೊಂಡರು, ಅತ್ತ ಒಮ್ಮೆ, ಇತ್ತ ಒಮ್ಮೆ. "ನಾ ಸಣ್ಣಾಂವಿದ್ದಾಗ ಕೇಳಿದ್ದೆ, ಅಜ್ಜಾ ಹಿಂಗ್ಯಾಕ ಕೂಡ್ತೀ ಅಂತ. ನಕ್ಕು ಸುಮ್ಮನಾದ. ನಾ ಆ ನಗೀನ ಪಾಠ ಅನಕೊಂಡೆ." ಅವರಿಗೂ ನಗು ಬಂತು. ನಗುತ್ತಲೇ ಎದ್ದು, ಕಂಬಳಿ ಝಾಡಿಸಿ, ಅವಳ ಎರಡೂ ಕೈಯಲ್ಲಿ ಇಟ್ಟರು. "ತಗೋ. ಶಿಷ್ಯಾಗ ಎಲ್ಲಿ ನೋಯಾಕತ್ತೈತಿ ಅಂತ ಕಂಡಿ. ಕಲಸಾಕ ಅಷ್ಟ ಸಾಕು."

"ನಮ್ಮ ಮದವಿ ಫೋಟೋದಾಗೂ ಸೊಟ್ಟನ ಕೂತಾರ ಇವ್ರು" ಎಂದಳು ವಿದ್ಯಾವತಿ, ಕಣ್ಣೊರೆಸಿಕೊಳ್ಳುತ್ತ. "ನನ್ನ ಕಡೆ ವಾಲ್ಯಾರ ಅಂತ ನಾ ಖುಷಿಪಟ್ಟಿದ್ದೆ!"

"ನಿಮಗ ನಗಿ ಬರಾಕತ್ತೈತಿ. ನನ್ನ ಗತಿ ಏನ್ರಿ?" ಚಂದ್ರಕಾಂತ ತಲೆ ಹಿಡಿದುಕೊಂಡ. "ನಲವತ್ತು ಮಂದಿಗೆ ಕಲಿಸೀನಿ. ಬೋರ್ಡಿನ ಮ್ಯಾಲ ಫೋಟೋನೂ ಸೊಟ್ಟ ಗೋಣಿಂದ ಐತಿ!"

"ಬೋರ್ಡ ಸೊಟ್ಟ ಕಟ್ಟೋ ಯಪ್ಪಾ, ನೀ ನೆಟ್ಟಗ ಕಾಣ್ತಿ" ಎಂದಳು ವಿದ್ಯಾವತಿ.

"ನಾಡಿ ತೆರಿತೈತಿ ಅಂತ ಹೇಳೀನ್ರೀ!"

"ಈಗ ಗಿಡದ ಕತಿ ಹೇಳು" ಎಂದರು ಗುರಲಿಂಗಪ್ಪ. ಆಮೇಲೆ ಏನೋ ನೆನಪಾದವರಂತೆ ಬೆರಳೆತ್ತಿದರು. "ಆದ್ರೂ ಒಂದು ಮಾತೈತಿ ನೋಡು. ಬಿದ್ದ ಮ್ಯಾಲ ಅಜ್ಜ ಆ ಕಿವಿಲೆ ಖರೇನ ನೆಲದ ಮಾತು ಕೇಳಿರಬೌದಲ್ಲ? ಅದನ್ನ ಸುಳ್ಳ ಅಂತ ಹೆಂಗ ಅನ್ನೂದು? ನೀಲಾ, ನೀ ಏನಂತಿ..."

ರಸ್ತೆಯಲ್ಲಿ ಒಂಬತ್ತರ ಬಸ್ಸಿನ ಹಾರ್ನು ಕೇಳಿತು. ನೀಲಾ ಕಂಬಳಿ ಸುತ್ತಿ ಹೆಗಲಿಗೇರಿಸಿದಳು, ಗುರುವಿನ ಕಾಲು ಮುಟ್ಟಿದಳು, ಚಪ್ಪಲಿಯಲ್ಲಿ ಕಾಲು ತೂರಿಸಿದಳು.

"ಮಾತು ಮುಗದಿಲ್ಲ ಬೇ ಇನ್ನಾ!" ಎಂದು ಹಿಂದಿನಿಂದ ಗುರಲಿಂಗಪ್ಪನವರು ಕೂಗಿದರು.

"ನೀವು ಆಡ್ತಿರ್ರಿ ಅಜ್ಜಾರ. ಅಲ್ಲಿ ಇಪ್ಪತ್ತು ಟೊಂಕ ಕಾಯಾಕತ್ತಾವ" ಎನ್ನುತ್ತ ಅವಳು ಅಂಗಳ ದಾಟಿ ಬಸ್ಸಿನ ಕಡೆಗೆ ಬಿರಬಿರನೆ ನಡೆದಳು.