ಅಕ್ಕನಾಗಮ್ಮನ ಎಂಟು ಎಳೆ

ಬೆಳಗಿನ ಐದೂಮುಕ್ಕಾಲು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಸದ್ದು ಆಗಲೇ ಶುರುವಾಗಿದೆ. ಇಂಟರ್ನೆಟ್ ಕಚೇರಿಯ ಇಕ್ಕಟ್ಟಾದ ಕೋಣೆಯಲ್ಲಿ ಅಕ್ಕನಾಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಲಿನಕ್ಸ್ ಹಾಕಿದ ಹಳೇ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಈ ಪೆಟ್ಟಿಗೆಯೇ ಇಲ್ಲಿನ ರೂಟರ್. ತೆಕ್ಕಲಕೋಟೆವರೆಗಿನ ಆರುನೂರ ನಲವತ್ತು ಮನೆ, ಅಂಗಡಿಗಳ ಇಂಟರ್ನೆಟ್ಟು ಇದನ್ನು ಹಾದೇ ಹೋಗಬೇಕು. ಇದರ ನೆಟ್‌ವರ್ಕ್ ಕಾರ್ಡು ಸಾವಿರ ಎಂಬಿಪಿಎಸ್ ವೇಗದಲ್ಲಿ ಓಡಬೇಕು. ಪರದೆ ನೂರು ಅನ್ನುತ್ತಿದೆ.

"ಹತ್ತು ಗಂಟಿಗೆ ಸರಿ ಆಗ್ಲಿಲ್ಲಂದ್ರ ಈ ಡಬ್ಬಿ ಗುಜ್ರಿಗೆ. ಬಳ್ಳಾರಿಂದ ಹೊಸಾದು ಬರ್ತೈತಿ, ನೋಡ್ಕೊಳ್ಳಾಕ ಅವ್ರ ಮನುಷ್ಯಾನೂ ಬರ್ತಾನ," ಎಂದು ಮಾಲೀಕ ಸುಂಕಣ್ಣ ನಿನ್ನೆಯೇ ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಹಾಗಾದರೆ ಅಕ್ಕನಾಗಮ್ಮನಿಗೆ ಉಳಿಯುವುದು ಮತ್ತೆ ಫೋನ್ ಎತ್ತುವ ಕೆಲಸ.

ಒಂಬತ್ತು ವರ್ಷದ ಹಿಂದೆ ಅವರು ಸೇರಿದ್ದು ಅದಕ್ಕೇ. ಹುಟ್ಟೂರು ಕುರುಗೋಡು, ಓದು ಪಿಯುಸಿ. ಗಿರಾಕಿಗಳ ಬಯ್ಗುಳ ಕೇಳಿ ಕೇಳಿ ಸಾಕಾಯಿತು. "ಬೈಸ್ಕೊಳ್ಳೋಕಿ ನಾ ಅಂದ್ಮ್ಯಾಗ ರಿಪೇರಿನೂ ನಾನ ಕಲೀತೀನಿ ಅಂದೆನ್ರಿ." ಭಾನುವಾರ ಬಂದರೆ ಬಳ್ಳಾರಿ ಕಂಟೋನ್ಮೆಂಟಿನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗುತ್ತಿದ್ದರು. ಕೇಬಲ್ ಎಳೆಯಲು ಕಂಬ ಹತ್ತಿದಾಗ ಕೆಳಗೆ ನಿಂತು ಕಿಸಿಕಿಸಿ ನಕ್ಕವರೆಷ್ಟೋ! ಆ ಅಂಗಡಿಯವರು ಬಿಸಾಕಿದ ಬಿಡಿಭಾಗ ಜೋಡಿಸಿ ಈ ರೂಟರ್ ಕಟ್ಟಿದ್ದು ಇವರೇ. ದಿನಕ್ಕೆ ಮೂವತ್ತು ದೂರು, ಸ್ಕೂಟಿಯಲ್ಲಿ ನಲವತ್ತು ಕಿಲೋಮೀಟರ್ ಈಗ ಮಾಮೂಲು.

ಈ ಕಾಯಿಲೆ ಮಾತ್ರ ಮೂರು ತಿಂಗಳಿಂದ ಆಟ ಆಡಿಸುತ್ತಿದೆ. ಎರಡು ಸಲ ಕೇಬಲ್ ಬದಲಿಸಿದರು, ನೆಟ್ಟಗಾಯಿತು, ಮತ್ತೆ ಕೆಟ್ಟಿತು. "ಕೇಬಲ್ಲಿನಾಗ ಎಂಟು ಎಳಿ ಇರ್ತಾವ್ರಿ. ಎಂಟೂ ಮಾತಾಡಿದ್ರ ಸಾವಿರ. ಒಂದು ಮುನಿಸ್ಕೊಂಡ್ರೂ ನೂರಕ್ಕ ಇಳಿತೈತಿ," ಎಂದು ನಮಗೆ ಬಿಡಿಸಿ ಹೇಳುತ್ತಾರೆ.

ದೂರಿನ ಪುಸ್ತಕ ತೆಗೆದು ಮೂರು ತಿಂಗಳಲ್ಲಿ ವೇಗ ಬಿದ್ದ ಮೂರು ತಾರೀಕು ನೋಡುತ್ತಾರೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಮೂರೂ ಅಮಾವಾಸ್ಯೆಯ ದಿನವೇ! ಕೇಬಲ್ ಕಿತ್ತು, ಅದು ಕೂರುವ ತೂತಿಗೆ ಬ್ಯಾಟರಿ ಬೆಳಕು ಬಿಟ್ಟರೆ ಒಳಗಿನ ಸಣ್ಣ ತಂತಿಗಳು ಹಸಿರುಗಟ್ಟಿವೆ, ಅಂಟಂಟಾಗಿವೆ.

ಪ್ರತಿ ಅಮಾವಾಸ್ಯೆಗೆ ಕಾಯಿ ಒಡೆದು, ಆ ನೀರನ್ನು ಹೂವಿನಿಂದ ಯಂತ್ರದ ಮೇಲೆ ಚಿಮುಕಿಸುವುದು ಈ ಕಚೇರಿಯ ವಾಡಿಕೆ. ಜಾಗ ಸಾಲದೆಂದು ಮೂರು ತಿಂಗಳ ಹಿಂದೆ ಪೆಟ್ಟಿಗೆ ತಿರುಗಿಸಿಟ್ಟ ಮೇಲೆ ಕೇಬಲ್ ಸಿಕ್ಕಿಸುವ ಬೆನ್ನು ಮುಂದಾಗಿದೆ. ತಿರುಗಿಸಿಟ್ಟವರೂ ನೀರು ಚಿಮುಕಿಸಿದವರೂ ಬೇರಾರೂ ಅಲ್ಲ, ಅಕ್ಕನಾಗಮ್ಮನೇ.

"ಅಯ್ಯ ಶಿವನೇ," ಎಂದು ತಲೆಗೆ ಕೈ ಹೊತ್ತು ಕೂರುತ್ತಾರೆ. ಆಮೇಲೆ ಯಂತ್ರ ಆರಿಸಿ, ಹಳೇ ಹಲ್ಲುಜ್ಜುವ ಬ್ರಶ್ಶನ್ನು ಸ್ಪಿರಿಟ್ಟಿಗೆ ಅದ್ದಿ ಉಜ್ಜುತ್ತಾರೆ, ಒಣಗಿಸುತ್ತಾರೆ, ಹೊಸ ಕೇಬಲ್ ಸಿಕ್ಕಿಸುತ್ತಾರೆ. ಎಂಟೂವರೆಗೆ ಪರದೆಯ ಮೇಲೆ ಸಾವಿರ.

ಒಂಬತ್ತಕ್ಕೆ ಸುಂಕಣ್ಣ ಬಂದು ಏನಾಗಿತ್ತೆಂದು ಕೇಳುತ್ತಾರೆ. ಕೇಬಲ್ ಕೆಟ್ಟಿತ್ತು ಅಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತಿತ್ತು?

"ನಂದ ತಪ್ಪ್ರಿ, ಅಣ್ಣಾರ. ಪೂಜಿ ನೀರು ನಾನ ಒಳಗ ಹಾಕೀನಿ."

ಸುಂಕಣ್ಣ ಪರದೆಯ ಮೇಲಿನ ಸಾವಿರ ನೋಡುತ್ತಾರೆ. ಆಮೇಲೆ ಬಳ್ಳಾರಿಗೆ ಫೋನ್ ಹಚ್ಚುತ್ತಾರೆ. "ಪೆಟ್ಟಿಗಿ ಕಳಿಸಬ್ಯಾಡ್ರಿ. ನಿಮ್ಮ ಮನುಷ್ಯಾನೂ ಬ್ಯಾಡ. ನಮ್ಮಾಕಿ ಅದಾಳ."

ಅಕ್ಕನಾಗಮ್ಮನ ಕಣ್ಣು ತುಂಬಿದೆ, ಮುಖ ಪರದೆಯ ಕಡೆಗಿದೆ. ಮುಂದಿನ ಅಮಾವಾಸ್ಯೆಗೆ ಏನು ಮಾಡುತ್ತೀರಿ ಎಂದು ನಾವು ಕೇಳಿದರೆ ಮೂಗು ಒರೆಸಿಕೊಂಡು ನಗುತ್ತಾರೆ.

"ಕಾಯಿ ಹೊಸ್ತಿಲ ಹೊರಗರಿ. ಇದರ ಮುಂದ ಬರೇ ಕೈ ಮುಗಿತೀನಿ. ನಾನ ಕಟ್ಟಿದ್ದಲ್ಲೇನ್ರಿ, ತಿಳ್ಕೊಂತೈತಿ."